ಐದು ಬೈ ಹದಿನೆಂಟು

ವೇಗದ ಲೆಕ್ಕವೆಂದೊಡನೆ ಮೈಸೂರಿನ ಪ್ರೌಢಶಾಲೆಯ ಹುಡುಗನ ನಾಲಗೆಯ ಮೇಲೆ ಮೊದಲು ಬಂದು ನಿಲ್ಲುವುದು ಒಂದು ಭಿನ್ನರಾಶಿ: ಐದು ಬೈ ಹದಿನೆಂಟು. ಮನೆಪಾಠದ ಮೇಷ್ಟರು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿರುತ್ತಾರೆ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೊಟ್ಟಿದ್ದರೆ ಅದರಿಂದ ಗುಣಿಸಬೇಕು. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಕುಳಿತ ಮೇಲೆ ಅದೇ ಹುಡುಗನಿಗೆ ಸಂದೇಹ ಮೂಡುತ್ತದೆ. ಗುಣಿಸಬೇಕೆ, ಭಾಗಿಸಬೇಕೆ? ಐದು ಮೇಲಿತ್ತೊ, ಹದಿನೆಂಟು ಮೇಲಿತ್ತೊ? ಮಂತ್ರವೇನೊ ನೆನಪಿನಲ್ಲಿ ಉಳಿದಿದೆ. ಅರ್ಥ ಮಾತ್ರ ಜತೆಯಲ್ಲಿ ಬಂದಿಲ್ಲ. ಅರ್ಥವಿಲ್ಲದ ಮಂತ್ರ ಸಂಕಟದ ಹೊತ್ತಿಗೆ ಕೈಕೊಡುತ್ತದೆಂಬುದು ಹಳೆಯ ಅನುಭವ.

ಈ ಭಿನ್ನರಾಶಿಯ ಹುಟ್ಟು ಬಹು ಸರಳವಾದುದು. ಒಂದು ಕಿಲೋಮೀಟರಿಗೆ 1000 ಮೀಟರ್. ಒಂದು ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡು, ಒಟ್ಟು 3600 ಸೆಕೆಂಡು. ಆದುದರಿಂದ ಗಂಟೆಗೆ ಒಂದು ಕಿಲೋಮೀಟರ್ ಎಂದರೆ 3600 ಸೆಕೆಂಡಿನಲ್ಲಿ 1000 ಮೀಟರ್ ಎಂದರ್ಥ. ಸಾವಿರವನ್ನು ಮೂರು ಸಾವಿರದ ಆರುನೂರರಿಂದ ಭಾಗಿಸಿ, ಎರಡನ್ನೂ ಇನ್ನೂರರಿಂದ ಹೊಡೆದರೆ ಉಳಿಯುವುದೇ 5/18. ಇದರಲ್ಲಿ ಐದಕ್ಕಾಗಲಿ ಹದಿನೆಂಟಕ್ಕಾಗಲಿ ಯಾವ ಮಹಿಮೆಯೂ ಇಲ್ಲ. ಅವು ಸಾವಿರದ ಮತ್ತು ಮೂರು ಸಾವಿರದ ಆರುನೂರರ ಸವೆದ ರೂಪಗಳು ಅಷ್ಟೆ. ಈ ಸವಕಲಿನ ಹಿಂದಿರುವ ಮೂಲವನ್ನು ಬಲ್ಲವನಿಗೆ ಮೇಲೆ ಕೆಳಗೆಂಬ ಗೊಂದಲ ಹುಟ್ಟಲಾರದು. ಒಂದು ಗಂಟೆಯಲ್ಲಿ ಆಗುವ ಪ್ರಯಾಣಕ್ಕಿಂತ ಒಂದು ಸೆಕೆಂಡಿನಲ್ಲಿ ಆಗುವ ಪ್ರಯಾಣ ತೀರ ಚಿಕ್ಕದು. ಅದನ್ನು ಚಿಕ್ಕ ಗಜಕಡ್ಡಿಯಿಂದ ಅಳೆದರೂ ಅಂಕಿ ಕುಗ್ಗಿಯೇ ಬರುತ್ತದೆ. ಹಿಂದಿರುಗುವಾಗ 18/5 ರಿಂದ, ಎಂದರೆ 3.6 ರಿಂದ, ಗುಣಿಸಿದರೆ ಸರಿ.

ಇಲ್ಲಿ ಒಂದು ಮಾತು. ಕನ್ನಡದ ವಿಜ್ಞಾನ ಪಠ್ಯಗಳು ದಿಕ್ಕಿನ ಗೊಡವೆಯಿಲ್ಲದ ಓಟಕ್ಕೆ ‘ಜವ’ವೆಂದೂ ದಿಕ್ಕು ಕೂಡಿದ ಓಟಕ್ಕೆ ‘ವೇಗ’ವೆಂದೂ ಬೇರೆ ಬೇರೆ ಹೆಸರಿಡುತ್ತವೆ. ಭೇದ ಒಪ್ಪತಕ್ಕದ್ದೆ. ಮಾನದ ಪರಿವರ್ತನೆ ಎರಡಕ್ಕೂ ಒಂದೇ ಆದುದರಿಂದ ಈ ಪುಟದಲ್ಲಿ ಬಳಕೆಯ ಮಾತಿನ ‘ವೇಗ’ವೇ ಸಾಕು.

ಅಂಕಿ ಮನಸ್ಸಿಗೆ ಹತ್ತಬೇಕಾದರೆ ಅದು ಕಣ್ಣೆದುರಿನ ವಸ್ತುವಿನ ಮೇಲೆ ಕುಳಿತುಕೊಳ್ಳಬೇಕು. ದೇವರಾಜ ಅರಸು ರಸ್ತೆಯಲ್ಲಿ ಚುರುಕಾಗಿ ಸೈಕಲ್ ತುಳಿಯುವ ಯುವಕನ ವೇಗ ಗಂಟೆಗೆ 18 ಕಿಲೋಮೀಟರ್ ಎಂದಿಟ್ಟುಕೊಂಡರೆ ಅವನು ಸೆಕೆಂಡಿಗೆ ಸರಿಯಾಗಿ ಐದು ಮೀಟರ್ ಸಾಗುತ್ತಾನೆ. ಇಷ್ಟನ್ನು ನೆನಪಿಟ್ಟರೆ ಮುಂದಿನದು ತಾನಾಗಿ ಬರುತ್ತದೆ: 36ಕ್ಕೆ ಹತ್ತು, 54ಕ್ಕೆ ಹದಿನೈದು, 72ಕ್ಕೆ ಇಪ್ಪತ್ತು, 90ಕ್ಕೆ ಇಪ್ಪತ್ತೈದು. 2009ರಲ್ಲಿ ಬರ್ಲಿನ್ ನಗರದಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಅವನ ಸರಾಸರಿ ಸೆಕೆಂಡಿಗೆ 10.4 ಮೀಟರ್, ಗಂಟೆಗೆ ಸುಮಾರು 37.6 ಕಿಲೋಮೀಟರ್. ಎಂದರೆ ನಗರದ ಬೀದಿಯಲ್ಲಿ ಸಾಧಾರಣವಾಗಿ ಹೋಗುವ ಸ್ಕೂಟರಿಗೆ ಜಗತ್ತಿನ ಅತಿ ವೇಗದ ಮನುಷ್ಯ ಸರಿಜೋಡಿ. ಇನ್ನು ವಿಜಯದಶಮಿಯ ಜಂಬೂಸವಾರಿಯನ್ನು ನೋಡಿ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ದಾರಿ. ಅಂಬಾರಿ ಹೊತ್ತ ಆನೆ ಅದನ್ನು ಎರಡೂವರೆ ಗಂಟೆಯಲ್ಲಿ ಮುಗಿಸಿತೆಂದು ಎಣಿಸಿದರೆ ಗಂಟೆಗೆ ಎರಡು ಕಿಲೋಮೀಟರ್, ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಆ ಗಾಂಭೀರ್ಯದ ಅಳತೆ ಅಷ್ಟು.

ಲೆಕ್ಕದ ಪುಸ್ತಕಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದುದು ರೈಲಿನ ಲೆಕ್ಕ. 240 ಮೀಟರ್ ಉದ್ದದ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ; ಹಳಿಯ ಪಕ್ಕದ ಕಂಬವನ್ನು ದಾಟಲು ಎಷ್ಟು ಹೊತ್ತು ಬೇಕು? ಅವಸರದ ವಿದ್ಯಾರ್ಥಿ 240ನ್ನು 72ರಿಂದ ಭಾಗಿಸಿ ಮೂರು ಚಿಲ್ಲರೆ ಎಂದು ಬರೆದು ಮುಂದೆ ಸಾಗುತ್ತಾನೆ. ಮೂರು ಚಿಲ್ಲರೆ ಏನು? ಸೆಕೆಂಡೆ, ನಿಮಿಷವೆ, ಗಂಟೆಯೆ? ಮೀಟರನ್ನು ಕಿಲೋಮೀಟರಿನಿಂದ ಭಾಗಿಸಿದಾಗ ಬಂದ ಆ ಸಂಖ್ಯೆಗೆ ಹೆಸರೇ ಇಲ್ಲ. 72 ಕಿಲೋಮೀಟರನ್ನು ಮೊದಲು 20 ಮೀಟರಿಗೆ ತಂದುಕೊಂಡವನಿಗೆ ಹನ್ನೆರಡು ಸೆಕೆಂಡೆಂಬ ಉತ್ತರ ದೊರೆಯುತ್ತದೆ. ರೈಲು 160 ಮೀಟರ್ ಉದ್ದದ ಪ್ಲಾಟ್‌ಫಾರಮನ್ನು ದಾಟಬೇಕಾದರೆ ಒಟ್ಟು 400 ಮೀಟರ್ ಓಡಬೇಕು, ಇಪ್ಪತ್ತು ಸೆಕೆಂಡು. ಹಿಂದಿನ ಕಾಲದ ಉಪಾಧ್ಯಾಯರು ಉತ್ತರದ ಮುಂದೆ ಮಾನವನ್ನು ಬರೆಯದವನಿಗೆ ಅರ್ಧ ಅಂಕ ಕಡಿಮೆ ಮಾಡುತ್ತಿದ್ದುದು ಜಿಪುಣತನದಿಂದಲ್ಲ. ಮಾನವಿಲ್ಲದ ಸಂಖ್ಯೆ ಹೆಸರಿಲ್ಲದ ಕಾಗದದಂತೆ. ಯಾರ ಮನೆಗೆ ಸೇರಬೇಕೊ ಅದಕ್ಕೇ ತಿಳಿಯದು.

ಪರೀಕ್ಷೆಯಲ್ಲಿ ಕಳೆದುಹೋಗುವುದು ಅರ್ಧ ಅಂಕ. ರಸ್ತೆಯ ಮೇಲೆ ಕಳೆದುಹೋಗುವುದು ಅದಕ್ಕಿಂತ ದೊಡ್ಡದು. ಬೆಂಗಳೂರು-ಮೈಸೂರು ನಡುವಣ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲವೆಂದಾಯಿತು. ಕಾರುಗಳಿಗೆ ಗೊತ್ತುಪಡಿಸಿದ ಮಿತಿ ಗಂಟೆಗೆ 100 ಕಿಲೋಮೀಟರ್. ನೂರು ಎಂಬುದು ಕಿವಿಗೆ ಹಿತವಾದ ದುಂಡು ಸಂಖ್ಯೆ. ಅದರಲ್ಲಿ ಭಯವೇನೂ ಕಾಣಿಸದು. ಅದನ್ನೇ ಐದು ಬೈ ಹದಿನೆಂಟರಿಂದ ಗುಣಿಸಿ ನೋಡಬೇಕು. ಸೆಕೆಂಡಿಗೆ 27.8 ಮೀಟರ್! ಎದುರಿಗೆ ಏನೊ ಅಡ್ಡ ಬಂದಿತೆಂದು ಕಣ್ಣು ಕಂಡು, ಮನಸ್ಸು ಅರಿತು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದು ಹಿಡಿದರೆ, ಬ್ರೇಕು ಮುಟ್ಟುವ ಮೊದಲೇ ಕಾರು 28 ಮೀಟರ್ ಮುಂದೆ ಹೋಗಿರುತ್ತದೆ. ಮೂರು ಸೆಕೆಂಡು ಮೊಬೈಲ್ ಫೋನಿನತ್ತ ದೃಷ್ಟಿ ಹಾಯಿಸಿದವನು 83 ಮೀಟರ್ ದಾರಿಯನ್ನು ಕಣ್ಣು ಕಟ್ಟಿಕೊಂಡೇ ಕ್ರಮಿಸಿದಂತಾಯಿತು.

ಬ್ರೇಕು ಹಿಡಿದ ಮೇಲಿನ ಕಥೆ ಇನ್ನೂ ಕಠಿನ. ವಾಹನ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ದೂರ ನಾಲ್ಕು ಮಡಿ. ಒಣಗಿದ ರಸ್ತೆ, ಒಳ್ಳೆಯ ಬ್ರೇಕು, ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ ಏಳು ಮೀಟರಿನಷ್ಟು ತಗ್ಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ 14 ಮೀಟರಿನಲ್ಲಿ ನಿಂತರೆ, 100 ಕಿಲೋಮೀಟರಿನದು 55 ಮೀಟರ್ ತೆಗೆದುಕೊಳ್ಳುತ್ತದೆ. ಮೊದಲ ಸೆಕೆಂಡಿನ 28 ಮೀಟರನ್ನೂ ಕೂಡಿಸಿದರೆ ಒಟ್ಟು 83. ಗಂಟೆಗೆ 120ರಲ್ಲಿ ಓಡಿಸುವವನಿಗೆ ಅದು 113 ಮೀಟರಾಗುತ್ತದೆ. ಹಾಗೆ ಓಡಿಸಿ ಗಳಿಸುವುದಾದರೂ ಏನು? 118 ಕಿಲೋಮೀಟರ್ ದಾರಿಯನ್ನು ನೂರರಲ್ಲಿ ಹೋದರೆ ಸುಮಾರು 71 ನಿಮಿಷ, ನೂರಿಪ್ಪತ್ತರಲ್ಲಿ ಹೋದರೆ 59 ನಿಮಿಷ. ಹನ್ನೆರಡು ನಿಮಿಷದ ಲಾಭಕ್ಕಾಗಿ, ನಿಲ್ಲಬೇಕಾದ ಕಡೆ ನಿಲ್ಲದೆ ಮೂವತ್ತು ಮೀಟರ್ ಮುಂದೆ ಹೋಗುವ ಜೂಜು. ಮಳೆ ಬಿದ್ದು ರಸ್ತೆ ನೆನೆದಿದ್ದರೆ ಈ ಅಂಕಿಗಳೆಲ್ಲ ಮತ್ತೂ ಏರುತ್ತವೆ. ವೇಗವನ್ನು ಗಂಟೆಯ ಲೆಕ್ಕದಲ್ಲಿ ತೋರಿಸುವ ಮುಳ್ಳು ಪ್ರಯಾಣಿಕನಿಗೆ ಊರು ಸೇರುವ ಹೊತ್ತನ್ನು ಹೇಳುತ್ತದೆ. ಸೆಕೆಂಡಿನ ಲೆಕ್ಕ ಅವನಿಗೆ ಅಪಾಯದ ಅಳತೆಯನ್ನು ಹೇಳುತ್ತದೆ. ವೇಗ ಒಂದೇ, ಮಾತು ಎರಡು.

ಇದೇ ಲೆಕ್ಕದಲ್ಲಿ ಮಾನವನ್ನು ಬದಲಿಸಲು ಮರೆತು ನೂರನ್ನೇ ನೇರವಾಗಿ ಸೂತ್ರಕ್ಕೆ ಹಾಕಿದ ವಿದ್ಯಾರ್ಥಿಗೆ ಬ್ರೇಕಿನ ದೂರ 55 ಮೀಟರಿಗೆ ಬದಲು 714 ಎಂದು ಬರುತ್ತದೆ. ತಪ್ಪು 3.6 ಪಟ್ಟಿನದಾಗಿದ್ದರೂ ವರ್ಗದಲ್ಲಿ ಸಿಕ್ಕಿ ಹದಿಮೂರು ಪಟ್ಟಾಯಿತು. ಚಲನ ಶಕ್ತಿಯ ಲೆಕ್ಕದಲ್ಲಿಯೂ ಇದೇ ಗತಿ. ಉತ್ತರ ಬಂದ ಮೇಲೆ ಒಂದು ಗಳಿಗೆ ತಡೆದು, ‘ಕಾರು ನಿಲ್ಲಲು ಮುಕ್ಕಾಲು ಕಿಲೋಮೀಟರ್ ಬೇಕೆ?’ ಎಂದು ತನ್ನನ್ನು ಕೇಳಿಕೊಳ್ಳುವ ಹುಡುಗ ಅಲ್ಲಿಯೇ ತಪ್ಪನ್ನು ಹಿಡಿಯುತ್ತಾನೆ.

ಐದು ಬೈ ಹದಿನೆಂಟು ಪ್ರಕೃತಿ ನಿಯಮವಲ್ಲವೆಂಬುದಕ್ಕೆ ಮೈಸೂರಿನ ಚರಿತ್ರೆಯೇ ಸಾಕ್ಷಿ. ಬೆಂಗಳೂರಿನಿಂದ ರೈಲು ಮೈಸೂರನ್ನು ಮುಟ್ಟಿದ್ದು 1882ರಲ್ಲಿ. ಅದು ಮೀಟರ್ ಗೇಜಿನ ಹಾದಿ. ಎರಡು ಕಂಬಿಗಳ ನಡುವಣ ಅಂತರ ಮೀಟರಿನಲ್ಲಿ. ಅವುಗಳ ಮೇಲೆ ಓಡಿದ ದೂರ ಮಾತ್ರ ಮೈಲಿಯಲ್ಲಿ! ಆ ಕಾಲದ ವಿದ್ಯಾರ್ಥಿ ಗಂಟೆಯ ಮೈಲಿಯನ್ನು ಸೆಕೆಂಡಿನ ಅಡಿಗೆ ತರಬೇಕಾಗಿತ್ತು. ಮೈಲಿಗೆ 5280 ಅಡಿ. ಅದನ್ನು 3600ರಿಂದ ಭಾಗಿಸಿದರೆ 22/15. ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ 88 ಅಡಿ. ಇಂದಿನ ಹುಡುಗನ ಕೈಯಲ್ಲಿ ಕುಗ್ಗುವ ಅಂಕಿ ಅವನ ತಾತನ ಕೈಯಲ್ಲಿ ಹಿಗ್ಗುತ್ತಿತ್ತು. ರೈಲಿನ ಓಟವಲ್ಲ, ಗಜಕಡ್ಡಿ ಮಾತ್ರ ಬದಲಾಯಿತು. 1956ರಲ್ಲಿ ಭಾರತದ ಪಾರ್ಲಿಮೆಂಟು ತೂಕ ಮತ್ತು ಅಳತೆಗಳ ಕಾಯಿದೆಯನ್ನು ಮಾಡಿತು. 1957ರ ಏಪ್ರಿಲ್ 1ರಿಂದ ನಯೇ ಪೈಸೆ ಬಂದು ಆಣೆ-ಕಾಸುಗಳು ಹಿಂದೆ ಸರಿಯತೊಡಗಿದವು. ಮುಂದೆ ಸೇರು ಹೋಗಿ ಕಿಲೋಗ್ರಾಂ ಬಂದಂತೆ ಮೈಲಿ ಹೋಗಿ ಕಿಲೋಮೀಟರ್ ಬಂತು. ಭಾಷೆ ಮಾತ್ರ ತನ್ನ ಹಳೆಯ ನಂಟನ್ನು ಬಿಡಲಿಲ್ಲ. ಕಿಲೋಮೀಟರ್ ಕೆತ್ತಿದ ಕಲ್ಲನ್ನು ಕನ್ನಡಿಗರು ಈಗಲೂ ಮೈಲಿಗಲ್ಲೆಂದೇ ಕರೆಯುತ್ತಾರೆ.

ಮೈಲಿಯ ಸಂತತಿ ಪೂರ್ತಿಯಾಗಿ ಅಳಿದಿಲ್ಲ. ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನದ ಚಾಲಕ ತನ್ನ ವೇಗವನ್ನು ಎಣಿಸುವುದು ನಾಟ್ ಎಂಬ ಮಾನದಲ್ಲಿ. ಒಂದು ನಾಟ್ ಎಂದರೆ ಗಂಟೆಗೆ ಒಂದು ಸಮುದ್ರ ಮೈಲಿ, ಎಂದರೆ 1852 ಮೀಟರ್. ನೂರು ನಾಟ್ ವೇಗ ಗಂಟೆಗೆ 185.2 ಕಿಲೋಮೀಟರ್, ಸೆಕೆಂಡಿಗೆ ಸುಮಾರು 51 ಮೀಟರ್. ಇಲ್ಲಿ ಐದು ಬೈ ಹದಿನೆಂಟನ್ನು ಕಣ್ಣು ಮುಚ್ಚಿ ಹಾಕಿದವನು ದಾರಿ ತಪ್ಪುತ್ತಾನೆ. ಮಾನಗಳ ಹೊಂದಾಣಿಕೆ ತಪ್ಪಿದರೆ ಬುದ್ಧಿವಂತರಿಗೂ ವಿನಾಯಿತಿಯಿಲ್ಲ. 1998ರ ಡಿಸೆಂಬರಿನಲ್ಲಿ ಅಮೆರಿಕ ಮಂಗಳ ಗ್ರಹಕ್ಕೆ ಒಂದು ನೌಕೆಯನ್ನು ಕಳಿಸಿತು. ಅದರ ಪುಟ್ಟ ರಾಕೆಟ್ಟುಗಳು ನೌಕೆಗೆ ಕೊಟ್ಟ ತಳ್ಳಿಕೆಯನ್ನು ಒಂದು ಕಡೆಯವರು ಪೌಂಡಿನ ಲೆಕ್ಕದಲ್ಲಿ ಬರೆದರು. ಇನ್ನೊಂದು ಕಡೆಯವರು ಅದೇ ಅಂಕಿಗಳನ್ನು ನ್ಯೂಟನ್ನಿನವೆಂದು ಓದಿದರು. ಎರಡಕ್ಕೂ ಇರುವ ಅಂತರ ಸುಮಾರು ನಾಲ್ಕೂವರೆ ಪಟ್ಟು. 1999ರ ಸೆಪ್ಟೆಂಬರ್ 23ರಂದು ನೌಕೆ ಗೊತ್ತಾದ ಎತ್ತರಕ್ಕಿಂತ ಬಹಳ ಕೆಳಗೆ ಮಂಗಳವನ್ನು ಸಮೀಪಿಸಿ ನಾಶವಾಯಿತು. ಅಲ್ಲಿ ಗುಣಾಕಾರದಲ್ಲಿ ತಪ್ಪಿದವರು ಯಾರೂ ಇರಲಿಲ್ಲ.

ಆದರೆ ಮಾನ ಯಾವುದೆಂದೇ ಖಚಿತವಾಗಿ ಗೊತ್ತಿಲ್ಲದಿದ್ದರೆ? ಆಗ ಪರಿವರ್ತನೆಗೆ ಏನರ್ಥ? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿಯೇ ಒಂದು ಘನವಾದ ನಿದರ್ಶನವುಂಟು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ಋಗ್ವೇದಕ್ಕೆ ಭಾಷ್ಯವನ್ನು ಬರೆದರು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ವೇದರತ್ನಮಾಲೆಯ ಮೂಲಕ ಆ ಭಾಷ್ಯ ಕನ್ನಡದ ಓದುಗರಿಗೂ ದೊರೆತಿದೆ. ಮೊದಲನೆಯ ಮಂಡಲದ ಸೂರ್ಯಸೂಕ್ತವೊಂದರ ವ್ಯಾಖ್ಯಾನದಲ್ಲಿ ಆಚಾರ್ಯರು, ಹಿರಿಯರಿಂದ ಬಂದ ಸ್ಮರಣೆಯೆಂದು ಒಂದು ಮಾತನ್ನು ಉದಾಹರಿಸುತ್ತಾರೆ. ಅರ್ಧ ನಿಮಿಷದಲ್ಲಿ 2202 ಯೋಜನ ಕ್ರಮಿಸುವ ಸೂರ್ಯನಿಗೆ ನಮಸ್ಕಾರವೆಂಬುದು ಅದರ ತಾತ್ಪರ್ಯ. ಇಲ್ಲಿ ನಿಮಿಷವೆಂದರೆ ಗಡಿಯಾರದ ನಿಮಿಷವಲ್ಲ. ಕಣ್ಣೆವೆ ಇಕ್ಕುವ ಹೊತ್ತು. ಇದು ಬೆಳಕಿನ ವೇಗವೇ ಸರಿಯೆಂದೂ ಇಂದಿನ ವಿಜ್ಞಾನದ ಅಂಕಿಗೆ ಅಚ್ಚುಕಟ್ಟಾಗಿ ಹೊಂದುತ್ತದೆಂದೂ ಭಾಷಣಗಳಲ್ಲಿ ಕೇಳಿಬರುವುದುಂಟು.

ಲೆಕ್ಕವನ್ನು ಮಾಡಿಯೇ ನೋಡಬಹುದು. ಯೋಜನಕ್ಕೆ 8000 ಧನುಸ್ಸು, ಧನುಸ್ಸಿಗೆ ಆರು ಅಡಿ ಎಂದು ಹಿಡಿದರೆ ಯೋಜನ 14.6 ಕಿಲೋಮೀಟರ್. ಪುರಾಣದ ಕ್ರಮದಲ್ಲಿ 15 ನಿಮಿಷಕ್ಕೆ ಒಂದು ಕಾಷ್ಠೆ, 30 ಕಾಷ್ಠೆಗೆ ಕಲೆ, 30 ಕಲೆಗೆ ಮುಹೂರ್ತ, 30 ಮುಹೂರ್ತಕ್ಕೆ ಅಹೋರಾತ್ರಿ; ಹೀಗೆ ನಿಮಿಷ 0.213 ಸೆಕೆಂಡು. ಈ ಎರಡನ್ನೂ ಜೋಡಿಸಿದರೆ ಸೆಕೆಂಡಿಗೆ ಸುಮಾರು 3,02,000 ಕಿಲೋಮೀಟರ್. ಬೆಳಕಿನ ವೇಗ 2,99,792 ಕಿಲೋಮೀಟರ್. ಆಶ್ಚರ್ಯವಾಗುವುದು ಸಹಜವೇ. ಆದರೆ ಯೋಜನಕ್ಕೆ 4000 ಧನುಸ್ಸೆಂಬ ಲೆಕ್ಕವೂ ಉಂಟು. ಆಗ ಉತ್ತರ ಅರ್ಧಕ್ಕೆ, 1,51,000ಕ್ಕೆ ಇಳಿಯುತ್ತದೆ. ಸೂರ್ಯಸಿದ್ಧಾಂತ ಭೂಮಿಯ ವ್ಯಾಸವನ್ನು 1600 ಯೋಜನವೆನ್ನುತ್ತದೆ. ಆ ಯೋಜನವನ್ನು ನಿಜವಾದ ವ್ಯಾಸದಿಂದ ಅಳೆದರೆ 8 ಕಿಲೋಮೀಟರಿಗೂ ತುಸು ಕಡಿಮೆ, ಉತ್ತರ 1,64,000. ಮನುಸ್ಮೃತಿಯಲ್ಲಿ ಕಾಷ್ಠೆಗೆ ನಿಮಿಷ ಹದಿನೈದಲ್ಲ, ಹದಿನೆಂಟು. ಮೊದಲನೆಯ ಯೋಜನದೊಡನೆ ಅದನ್ನು ಸೇರಿಸಿದರೆ ಉತ್ತರ 3,62,000ಕ್ಕೆ ಏರುತ್ತದೆ.

ಇನ್ನೊಂದು ಪ್ರಮಾಣ ಮೈಸೂರಿನಲ್ಲಿಯೇ ಬೆಳಕಿಗೆ ಬಂದುದು. 1891ರಲ್ಲಿ ಸ್ಥಾಪಿತವಾದ ಇಲ್ಲಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದರು. ದೇಶಮಾನ ಕಾಲಮಾನಗಳಿಗೆ ಕೌಟಿಲ್ಯ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅವನಲ್ಲಿ ಐದೇ ನಿಮಿಷಕ್ಕೆ ಒಂದು ಕಾಷ್ಠೆ, 30 ಕಾಷ್ಠೆಗೆ ಕಲೆ, 40 ಕಲೆಗೆ ಒಂದು ನಾಲಿಕೆ, ಎಂದರೆ ಗಳಿಗೆ. ಗಳಿಗೆಗೆ 24 ನಿಮಿಷವಾದುದರಿಂದ ಕೌಟಿಲ್ಯನ ನಿಮಿಷ 0.24 ಸೆಕೆಂಡು, ಅದರಿಂದ ಬರುವ ಉತ್ತರ 2,68,000. ಮೇಲಾಗಿ ಅವನಲ್ಲಿ 96 ಅಂಗುಲದ ಧನುಸ್ಸೊಂದು. ದಾರಿಗಳನ್ನೂ ಕೋಟೆಗೋಡೆಗಳನ್ನೂ ಅಳೆಯಲು 108 ಅಂಗುಲದ ಧನುಸ್ಸು ಮತ್ತೊಂದು. ಧನುಸ್ಸು ಬದಲಾದರೆ ಯೋಜನ ಬದಲಾಯಿತು, ಯೋಜನ ಬದಲಾದರೆ ವೇಗ ಬದಲಾಯಿತು.

ಹೀಗಿರಲು ಇವುಗಳಲ್ಲಿ ಯಾವ ಉತ್ತರ ಸರಿ? ಸಾಯಣರು ಯಾವ ಧನುಸ್ಸನ್ನು, ಯಾವ ನಿಮಿಷವನ್ನು ಮನಸ್ಸಿನಲ್ಲಿಟ್ಟಿದ್ದರೆಂದು ಆ ವಾಕ್ಯ ಹೇಳುವುದಿಲ್ಲ. ಅದು ಬೆಳಕೆಂದೂ ಹೇಳುವುದಿಲ್ಲ, ಸಂಚರಿಸುವ ಸೂರ್ಯನನ್ನು ಸ್ತುತಿಸುತ್ತದೆ. 2,99,792 ಎಂಬ ಅಂಕಿಯನ್ನು ಮೊದಲೇ ಬಲ್ಲವನು ಅದಕ್ಕೆ ಹೊಂದುವ ಯೋಜನವನ್ನು ಹುಡುಕಿ ತಂದರೆ, ಅದು ಪುಸ್ತಕದ ಕೊನೆಯ ಪುಟದಲ್ಲಿ ಉತ್ತರವನ್ನು ನೋಡಿಕೊಂಡು ನಡುವಣ ಹೆಜ್ಜೆಗಳನ್ನು ತುಂಬುವ ವಿದ್ಯಾರ್ಥಿಯ ಕೆಲಸವಾಯಿತೆ ಹೊರತು ಲೆಕ್ಕವಾಗಲಿಲ್ಲ. ವೇದಗಳಿಗೆ ಭಾಷ್ಯ ರಚಿಸಿದ ಮಹನೀಯರ ಕೀರ್ತಿಗೆ ಈ ಒಂದು ಅಂಕಿಯ ಊರುಗೋಲು ಬೇಕಾಗಿಯೂ ಇಲ್ಲ. ಪೂರ್ವಿಕರ ಮೇಲಣ ಗೌರವ ಅವರ ಮಾತನ್ನು ಇದ್ದಂತೆ ಓದುವುದರಲ್ಲಿದೆ.

ಬೆಳಕಿಗೆ ನಿಶ್ಚಿತವಾದ ವೇಗವಿದೆಯೆಂಬುದನ್ನು ಗುರುಗ್ರಹದ ಉಪಗ್ರಹವೊಂದರ ಗ್ರಹಣಕಾಲಗಳನ್ನು ಅಳೆದು 1676ರಲ್ಲಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ರೋಮರ್. ಅಲ್ಲಿಂದ ಮೂರು ಶತಮಾನಗಳ ಅಳತೆ ಎಷ್ಟು ಖಚಿತವಾಯಿತೆಂದರೆ, 1983ರಲ್ಲಿ ಲೋಕದ ಮಾನತಜ್ಞರು ಲೆಕ್ಕವನ್ನೇ ತಿರುಗಿಸಿಬಿಟ್ಟರು. ಬೆಳಕು ಸೆಕೆಂಡಿಗೆ 29,97,92,458 ಮೀಟರ್ ಸಾಗುತ್ತದೆಂದು ಶಾಶ್ವತವಾಗಿ ನಿಗದಿ ಮಾಡಿ, ಆ ಓಟದಿಂದಲೇ ಮೀಟರಿನ ಉದ್ದವನ್ನು ಗೊತ್ತುಪಡಿಸಿದರು. ಸೆಕೆಂಡಿಗೆ ಸೀಸಿಯಂ ಪರಮಾಣುವಿನ ಕಂಪನ 1967ರಿಂದಲೇ ಆಧಾರವಾಗಿತ್ತು. ಮೈಸೂರಿನ ಮೀಟರೂ ಬರ್ಲಿನ್ನಿನ ಮೀಟರೂ ಒಂದೇ. ಇಂದಿನ ಸೆಕೆಂಡೂ ನಾಳಿನ ಸೆಕೆಂಡೂ ಒಂದೇ. ಯೋಜನಕ್ಕೆ ಇಲ್ಲದ ಈ ಭರವಸೆಯ ಮೇಲೆಯೇ ಐದು ಬೈ ಹದಿನೆಂಟು ನಿಂತಿರುವುದು.

ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಾಯಿತಂದೆಯರು ಇದರಿಂದ ಒಂದು ಸಣ್ಣ ಅಭ್ಯಾಸವನ್ನು ಮಾಡಿಸಬಹುದು. ಭಿನ್ನರಾಶಿಯನ್ನು ಬಾಯಿಪಾಠ ಮಾಡಿಸುವ ಮೊದಲು ಗಂಟೆಗೆ 72 ಕಿಲೋಮೀಟರ್ ಎಂಬುದನ್ನು 3600 ಸೆಕೆಂಡಿಗೆ 72,000 ಮೀಟರ್ ಎಂದು ಹತ್ತು ಸಲ ಉದ್ದವಾಗಿಯೇ ಬರೆಯಿಸಬೇಕು. ಪ್ರತಿ ಹೆಜ್ಜೆಯಲ್ಲಿಯೂ ಮಾನದ ಹೆಸರನ್ನು ಬಿಡಗೊಡಬಾರದು. ಹನ್ನೊಂದನೆಯ ಸಲಕ್ಕೆ ಮಗು ಸೊನ್ನೆಗಳನ್ನು ತಾನೇ ಹೊಡೆದು ಐದನ್ನೂ ಹದಿನೆಂಟನ್ನೂ ಕಂಡುಕೊಳ್ಳುತ್ತದೆ. ಹಾಗೆ ಕಂಡುಕೊಂಡದ್ದು ಪರೀಕ್ಷೆಯ ಕೊಠಡಿಯಲ್ಲಿ ಮರೆತುಹೋದರೂ ಚಿಂತೆಯಿಲ್ಲ, ಎರಡು ಸಾಲಿನಲ್ಲಿ ಮತ್ತೆ ಕಂಡುಕೊಳ್ಳಬಹುದು.